ಫ್ಯಾಕ್ಟರ್ ಎಚ್ ಪರೀಕ್ಷೆ: ಪ್ಲಾಸ್ಮಾ ಏರಿಸುವ ಮೊದಲೇ ರಕ್ತ ತೆಗೆದಿಡಿ

ಎಂಟು-ಹತ್ತು ವರ್ಷದ ಮಗುವಿಗೆ ಮುಖ ಊದಿದೆ, ಮೂತ್ರ ಕಮ್ಮಿಯಾಗಿದೆ, ಪ್ಲೇಟ್‌ಲೆಟ್ ಬಿದ್ದಿದೆ ಎಂದರೆ ಹಾಸನ, ಚಿಕ್ಕಮಗಳೂರಿನ ಕಡೆ ಮೊದಲು ಹೊಳೆಯುವುದು ಡೆಂಗ್ಯೂ, ಇಲ್ಲವೇ ಇಲಿಜ್ವರ. ಅವನ್ನು ನೋಡಲೇಬೇಕು. ಜೊತೆಗೆ ಹಿಮೋಗ್ಲೋಬಿನ್ ಇಳಿದು, ಕ್ರಿಯಾಟಿನಿನ್ ಏರಿ, ಸ್ಮಿಯರ್‌ನಲ್ಲಿ ಒಡೆದ ಕೆಂಪುಕಣ ಶೇ. 1 ದಾಟಿ, ಎಲ್‌ಡಿಎಚ್ (ಕಣ ಒಡೆದಾಗ ಏರುವ ಕಿಣ್ವ) ಜಾಸ್ತಿಯಿದ್ದೂ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳಾದ ಪಿಟಿ, ಎಪಿಟಿಟಿ ನಾರ್ಮಲ್ ಬಂದರೆ ಎಎಚ್‌ಯುಎಸ್ ಅನುಮಾನಿಸಿ: ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಹತೋಟಿ ತಪ್ಪಿ ಬರುವ ಕಾಯಿಲೆಯಿದು. ರಕ್ತಭೇದಿ ಇದ್ದರೆ ಮಲವನ್ನು ಶಿಗಾ ಟಾಕ್ಸಿನ್ (ಇಂಥದೇ ಕಾಯಿಲೆ ತರುವ ಬ್ಯಾಕ್ಟೀರಿಯಾ ವಿಷ) ಪರೀಕ್ಷೆಗೆ ಕಳಿಸಿ. ಕಾಫಿ ತೋಟದ ಕೆಲಸದವರಾದರೆ ಹಾವು ಕಚ್ಚಿತ್ತಾ ಎಂದು ಕೇಳಿ, ಕಾಲು ನೋಡಿ: ಕೊಳಕು ಮಂಡಲದ ವಿಷಕ್ಕೂ ಕೆಂಪುಕಣ ಒಡೆದು ಕಿಡ್ನಿ ಕೆಡುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಪಿಟಿಯೂ ಏರಿರುತ್ತದೆ.

ಸಿಎಫ್‌ಎಚ್ ಜೀನ್ ಇರುವುದು ಒಂದನೇ ಕ್ರೋಮೋಸೋಮಿನಲ್ಲಿ. ಅದು ಕೊಡುವ, ಕಾಂಪ್ಲಿಮೆಂಟನ್ನು ಹತೋಟಿಯಲ್ಲಿಡುವ ಫ್ಯಾಕ್ಟರ್ ಎಚ್ ಪ್ರೋಟೀನು 20 ಮಣಿ ಪೋಣಿಸಿದ ಸರದಂತಿದೆ. ಮೊದಲ ನಾಲ್ಕು ಮಣಿಗಳು ಫ್ಯಾಕ್ಟರ್ ಐ ಎಂಬ ಕಿಣ್ವದ ಜೊತೆಗೂಡಿ ಕಾಂಪ್ಲಿಮೆಂಟಿನ ಸಿ3ಬಿ ತುಣುಕನ್ನು ಕತ್ತರಿಸಲು ನೆರವಾಗುತ್ತವೆ. 19 ಮತ್ತು 20ನೆಯವು ನಮ್ಮದೇ ಜೀವಕೋಶದ ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ. ಆ ಹಿಡಿತ ತಪ್ಪಿದರೆ ಕಾಂಪ್ಲಿಮೆಂಟ್ ಕಿಡ್ನಿಯ ಸಣ್ಣ ರಕ್ತನಾಳಗಳ ಮೇಲೇ ತಿರುಗಿ ಬೀಳುತ್ತದೆ. 7ನೇ ಮಣಿಯಲ್ಲಿನ ವೈ402ಎಚ್ ಬದಲಾವಣೆಯ ನಂಟು ಬೇರೆ: ವಯಸ್ಸಾದವರ ಅಕ್ಷಿಪಟಲ ಸವೆಯುವ ಎಎಂಡಿ ಕಾಯಿಲೆಯದು, 2005ರಲ್ಲಿ ಗೊತ್ತಾದದ್ದು. ಮಗುವಿನ ರಿಪೋರ್ಟಿನಲ್ಲಿ ಇದೊಂದೇ ಕಂಡರೆ ಕಿಡ್ನಿ ಕಾಯಿಲೆಗೆ ಕಾರಣ ಸಿಕ್ಕಿತು ಎಂದುಕೊಳ್ಳಬೇಡಿ.

ಇನ್ನು ಸ್ಯಾಂಪಲ್. ಚಿಕಿತ್ಸೆಗೆಂದು ಪ್ಲಾಸ್ಮಾ ಕೊಟ್ಟ ಮೇಲೆ ತೆಗೆದ ರಕ್ತದಲ್ಲಿ ದಾನಿಯ ಫ್ಯಾಕ್ಟರ್ ಎಚ್, ದಾನಿಯ ಎಡಿಎಎಂಟಿಎಸ್13 (ಇದು ತೀರಾ ಕಮ್ಮಿಯಾದರೆ ಎಎಚ್‌ಯುಎಸ್‌ನಂತೆಯೇ ಕಾಣುವ ಟಿಟಿಪಿ ಕಾಯಿಲೆ ಬರುತ್ತದೆ) ಬೆರೆತಿರುತ್ತದೆ, ಫ್ಯಾಕ್ಟರ್ ಎಚ್ ವಿರುದ್ಧ ಮೈಯೇ ತಯಾರಿಸಿದ ಆಂಟಿಬಾಡಿಯ ಮಟ್ಟವೂ ಇಳಿದಿರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಲ್ಯಾಬ್‌ಗೆ ಕಳಿಸಿದರೂ ಉಪಯೋಗವಿಲ್ಲ. ಆದ್ದರಿಂದ ಬೆಂಗಳೂರಿಗೆ ರೆಫರ್ ಮಾಡುವವರಾದರೂ ಇಲ್ಲೇ ಮೂರು ಟ್ಯೂಬ್ ತುಂಬಿಸಿ. ಪ್ಲೇನ್ ಟ್ಯೂಬಿನ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಲಿ, 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಸೀರಮ್ ಬೇರ್ಪಡಿಸಿ: ಕಾಂಪ್ಲಿಮೆಂಟ್ ಪ್ರೋಟೀನುಗಳಾದ ಸಿ3, ಸಿ4, ಫ್ಯಾಕ್ಟರ್ ಎಚ್ ವಿರುದ್ಧದ ಆಂಟಿಬಾಡಿ ಪರೀಕ್ಷೆಗಳು ಇದರಲ್ಲೇ ಆಗುತ್ತವೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬನ್ನು ಗೆರೆಯವರೆಗೆ ತುಂಬಿ, ಪ್ಲಾಸ್ಮಾ ತೆಗೆದು ಫ್ರೀಜ್ ಮಾಡಿ, ಎಡಿಎಎಂಟಿಎಸ್13ಕ್ಕೆ. ಇದಕ್ಕೆ ಇಡಿಟಿಎ ಟ್ಯೂಬ್ ನಡೆಯದು; ಆ ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ, ಜಿಂಕನ್ನು ಇಡಿಟಿಎ ಹಿಡಿದುಬಿಡುತ್ತದೆ. ಇಡಿಟಿಎಯಲ್ಲಿ 3 ಮಿ.ಲೀ. ಜೀನ್ ಪರೀಕ್ಷೆಗೆ, ಅದನ್ನು ಫ್ರೀಜರಿಗೆ ಹಾಕದೆ 2ರಿಂದ 8 ಡಿಗ್ರಿಯಲ್ಲಿಡಿ.

ಸಾಮಾನ್ಯವಾಗಿ ಕೆಡುವುದು ಸೀರಮ್. ಮಧ್ಯಾಹ್ನ ಬೇರ್ಪಡಿಸಿ ಟೇಬಲ್ ಮೇಲೆ ಬಿಟ್ಟು ರಾತ್ರಿ ಬಸ್ಸಿನ ಪಾರ್ಸೆಲ್‌ಗೆ ಕೊಟ್ಟರೆ ಕಾಂಪ್ಲಿಮೆಂಟಿನ ಕೆಲಸದ ಮಟ್ಟ ಅಳೆಯುವ ಸಿಎಚ್50ನಂಥ ಪರೀಕ್ಷೆ ಸುಳ್ಳು ಹೇಳುತ್ತದೆ. ಅದೂ ಬೇಕಿದ್ದರೆ ಸೀರಮ್ಮನ್ನು ಎರಡು ಪಾಲು ಮಾಡಿ, ಒಂದನ್ನು ತಕ್ಷಣ ಫ್ರೀಜ್ ಮಾಡಿ ಡ್ರೈ ಐಸ್‌ನಲ್ಲೇ ಕಳಿಸಿ. ಕರಗಿಸಿ ಮತ್ತೆ ಫ್ರೀಜ್ ಮಾಡುವುದು ಬೇಡವೇ ಬೇಡ. ಫಾರಂನಲ್ಲಿ ರಕ್ತ ತೆಗೆದ ಸಮಯ, ಮೊದಲೇ ರಕ್ತ ಏರಿಸಿದ್ದರೆ ಅದರ ತಾರೀಖು ಬರೆಯಿರಿ.

ಭಾರತದ ಮಕ್ಕಳ ಎಎಚ್‌ಯುಎಸ್‌ನಲ್ಲಿ ಈ ಆಂಟಿಬಾಡಿಯದೇ ಪಾಲು ದೊಡ್ಡದು. ಅದು ಬರುವವರಲ್ಲಿ ಬಹುತೇಕರಿಗೆ ಪಕ್ಕದ ಸಿಎಫ್‌ಎಚ್‌ಆರ್1 ಜೀನಿನ ಎರಡೂ ಪ್ರತಿ ಇರುವುದಿಲ್ಲ. ಹಾಗಾಗಿ ಮಕ್ಕಳಲ್ಲಿ ಮೊದಲು ಆಂಟಿಬಾಡಿ ಪರೀಕ್ಷೆ. ಅದು ಪಾಸಿಟಿವ್ ಬಂದರೆ ಪ್ಲಾಸ್ಮಾ ಬದಲಾವಣೆಯ ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯೂ ಬೇಕು. ಜೀನ್ ಪರೀಕ್ಷೆ ಬರೆಯುವಾಗ ಬರೀ ಸೀಕ್ವೆನ್ಸಿಂಗ್ ಸಾಲದು, ಜೀನಿನ ಭಾಗಗಳ ಪ್ರತಿ ಎಣಿಸುವ ಎಂಎಲ್‌ಪಿಎ ಕೂಡ ಬರೆಯಿರಿ. ಸಿಎಫ್‌ಎಚ್‌ಗೂ ಅಕ್ಕಪಕ್ಕದ ಜೀನ್‌ಗಳಿಗೂ ಎಷ್ಟು ಹೋಲಿಕೆಯೆಂದರೆ ಬಿಟ್ಟುಹೋದ ಭಾಗ, ಕೂಡಿಕೊಂಡ ಭಾಗ ಸೀಕ್ವೆನ್ಸಿಂಗ್‌ನಲ್ಲಿ ಕಣ್ತಪ್ಪಬಹುದು. ರಿಪೋರ್ಟ್ ಬರಲು ವಾರಗಳೇ ಹಿಡಿಯಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಿ ಕೂರಬೇಡಿ.

ರೂಪಾಂತರ ಸಿಕ್ಕರೆ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಪರೀಕ್ಷಿಸಿ. ಅದನ್ನು ಹೊತ್ತ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಆದರೆ ಅಮ್ಮ ಕಿಡ್ನಿ ಕೊಡುತ್ತೇನೆ ಎಂದು ಮುಂದೆ ಬಂದಾಗ ಈ ರಿಪೋರ್ಟ್ ಕೈಯಲ್ಲಿರಬೇಕು: ಅದೇ ದೋಷವಿರುವ ದಾನಿಗೆ ಆಪರೇಷನ್ ಆದ ಮೇಲೆ ಎಎಚ್‌ಯುಎಸ್ ಬರಬಹುದು.