ನೀರು ಕುದಿಸಿ, ಆಮೇಲೆ ಕೆಡಿಸಬೇಡಿ

ಮೈಸೂರಿನ ಛತ್ರಗಳಲ್ಲಿ 'ಬಿಸಿನೀರು ಕೊಡಿ' ಅಂದರೆ ಎಷ್ಟೋ ಕಡೆ ಕುದಿಸಿದ ನೀರಿಗೆ ನಲ್ಲಿ ನೀರು ಬೆರೆಸಿ ತಂದುಕೊಡುತ್ತಾರೆ. ಅಲ್ಲಿಗೆ ಕುದಿಸಿದ್ದೆಲ್ಲ ದಂಡ. ಮನೆಗಳಲ್ಲೂ ಹೀಗೆ ಮಾಡುವವರು ಜಾಸ್ತಿ.

ಕುದಿಸಿದ ನೀರಿನ ಬೆಲೆ ಏನೆಂದು ಟೀ ಚರಿತ್ರೆಯಲ್ಲಿದೆ. 1784ರಲ್ಲಿ ಬ್ರಿಟನ್ ಟೀ ಮೇಲಿನ ಸುಂಕವನ್ನು ಶೇ 119ರಿಂದ 12.5ಕ್ಕೆ ಇಳಿಸಿತು. ಬಡವರ ಮನೆಗೂ ಟೀ ಬಂತು. ನೀರಿನಿಂದ ಕಾಲರಾ ಹರಡುತ್ತದೆಂದು ವೈದ್ಯ ಜಾನ್ ಸ್ನೋ ಲಂಡನ್ನಿನಲ್ಲಿ ತೋರಿಸಿದ್ದು 1854ರಲ್ಲಿ. ಅದಕ್ಕೂ ಮೊದಲೇ ಜನ ಟೀಗೆಂದು ನೀರು ಕುದಿಸುತ್ತಿದ್ದರು. ಅರ್ಥಶಾಸ್ತ್ರಜ್ಞೆ ಫ್ರಾನ್ಸಿಸ್ಕಾ ಆಂಟ್‌ಮನ್ ಇಂಗ್ಲೆಂಡಿನ ಹಳೆಯ ಸಾವಿನ ಲೆಕ್ಕ ತೆಗೆದು ನೋಡಿದರು. ಟೀ ಬಂದ ಮೇಲೆ, ನೀರು ಕೆಟ್ಟಿದ್ದ ಊರುಗಳಲ್ಲೇ ಸಾವು ಹೆಚ್ಚು ಇಳಿದಿತ್ತು.

ಮೊದಲು ನೀರು ಸೋಸಿ ಒಲೆಗಿಡಿ. ತಳದಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಬೇಡಿ. ಅದು ನೀರಿನಲ್ಲಿದ್ದ ಗಾಳಿ, ಅಷ್ಟೇ. ಕೊತಕೊತ ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ಸಾಕು, ಜಾಸ್ತಿ ಕುದಿಸಿದರೆ ಸುಮ್ನೆ ಗ್ಯಾಸ್ ಖರ್ಚು. ಗೀಸರ್ ನೀರಿನಲ್ಲಿ ಟೀ ಬೇಡ, ಅದು ಕುದಿದ ನೀರಲ್ಲ. ನಲ್ಲಿ ಮೂತಿಗೆ ಸಿಕ್ಕಿಸುವ ಅಗ್ಗದ ಫಿಲ್ಟರ್ ಕೊಳ್ಳಬೇಡಿ. ಅದು ಮಣ್ಣು ಹಿಡಿಯುತ್ತದೆ, ಟೈಫಾಯ್ಡ್ ರೋಗಾಣುವನ್ನಲ್ಲ.

ಜನ ಎಡವುವುದು ನೀರು ಆರುವಾಗ. ಕುದಿಸಿದ ಪಾತ್ರೆಯಲ್ಲೇ ಮುಚ್ಚಳ ಹಾಕಿ ಬಿಡಿ. ಅವಸರವಿದ್ದರೆ ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಡಿ. ಹಸಿ ನೀರು ಒಂದು ಲೋಟವೂ ಬೆರೆಯಬಾರದು. ಬೇರೆ ಪಾತ್ರೆಗೆ ಸುರಿಯುವುದಾದರೆ ಅದನ್ನು ತೊಳೆದು, ಕುದಿಯುವ ನೀರು ಹಾಕಿ ಗಲಬರಿಸಿ. ನಿನ್ನೆಯ ನೀರಿನ ಮೇಲೆ ಇವತ್ತಿನದನ್ನು ಸುರಿಯಬೇಡಿ. ಲೋಟ ಅದ್ದಿ ತೆಗೆಯುವುದಂತೂ ಬೇಡವೇ ಬೇಡ. ಲೋಟದ ಜೊತೆ ಬೆರಳೂ ಮುಳುಗುತ್ತದೆ ಅಲ್ವಾ? ನಲ್ಲಿ ಇರುವ ಸ್ಟೀಲ್ ಡ್ರಮ್ಮೇ ತೆಗೆದುಕೊಳ್ಳಿ. ಕುದಿಸಿದಾಗ ನೀರಿನ ಕ್ಲೋರಿನ್ ಹಾರಿಹೋಗಿರುತ್ತದೆ. ಮತ್ತೆ ರೋಗಾಣು ಸೇರಿದರೆ ತಡೆಯಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಒಂದು ದಿನದೊಳಗೆ ಕುಡಿದು ಮುಗಿಸಿ.

ಟೀ ಕಾಸುವುದು ನಿಮಗೆ ಗೊತ್ತೇ ಇದೆ. ಅಂಗಡಿಯಲ್ಲಿ ಒಂದೇ ಬಕೆಟ್ಟಿನಲ್ಲಿ ಅದ್ದಿದ ಲೋಟ ಕೊಟ್ಟರೆ, ಬಿಸಿನೀರಲ್ಲಿ ತೊಳೆದುಕೊಡಿ ಎಂದು ಕೇಳಿ. ಸಂಕೋಚ ಬೇಡ.

ಮಂಡ್ಯ ಕಡೆ ಬೋರ್‌ವೆಲ್ ನೀರು ಕುಡಿಯುವವರು ಮಾತ್ರ ಕುದಿಸುವುದನ್ನೇ ನಂಬಿ ಕೂರಬಾರದು. ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಎಂಬ ಲವಣಗಳು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ. ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು, ಟೀಗೆ, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತನ್ನಿ.