ಹಾಲು ಬಿಟ್ಟರೆ ಔಷಧಿಯೂ ಬಿಡಿ

ಎಳೆ ಮಗುವಿನ ಮೈಮೇಲಿನ ಕೆಂಪು ಗಂಟು, ಅಂದರೆ ಹೆಮಾಂಜಿಯೋಮಾ ಕಂಡರೆ, "ತಾನಾಗಿಯೇ ಹೋಗುತ್ತೆ, ಕಾಯಿರಿ" ಎಂದು ನಾನೂ ಎಷ್ಟೋ ವರ್ಷ ಹೇಳಿ ಕಳಿಸಿದ್ದೇನೆ. ಮಾತು ಸುಳ್ಳಲ್ಲ. ಆದರೆ ಆ ಗಂಟು ಓಡೋಡಿ ಬೆಳೆಯುವುದು 5ರಿಂದ 7ನೇ ವಾರದಲ್ಲಿ. ರೆಪ್ಪೆಯ ಮೇಲೋ ತುಟಿಯ ಮೇಲೋ ಇದ್ದರೆ, ಕಾಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ.

ಆಗ ನಮ್ಮ ಕೈಲಿದ್ದದ್ದು ಸ್ಟೀರಾಯ್ಡ್. ಗಂಟಿಗಿಂತ ಮಗುವಿನ ಮುಖವೇ ಹೆಚ್ಚು ಊದುತ್ತಿತ್ತು. 2008ರಲ್ಲಿ ಫ್ರಾನ್ಸಿನ ಬೋರ್ಡೋ ವೈದ್ಯರ ವರದಿ ಬಂತು: ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಎಂಬ ಔಷಧಿ ಕೊಟ್ಟ ಮಗುವಿನ ಮೂಗಿನ ಗಂಟು ಮರುದಿನವೇ ಬಣ್ಣ ಬದಲಿಸಿ ಮೆತ್ತಗಾಗಿತ್ತು. ನಂಬಲು ನನಗೆ ಕಷ್ಟವಾಗಿತ್ತು. ನಾನು ಅದನ್ನು ಕೊಟ್ಟ ಮೊದಲ ಮಗುವಿನಲ್ಲೂ ಎರಡೇ ದಿನಕ್ಕೆ ಕಡುಗೆಂಪು ಮಾಸಿದ್ದನ್ನು ನೋಡಿದ ಮೇಲೆ ಅನುಮಾನ ಹೋಯಿತು.

ಶುರು ಮಾಡುವ ಮುನ್ನ ಮಚ್ಚೆ ಯಾವುದೆಂದು ಖಚಿತವಾಗಬೇಕು. ಹುಟ್ಟುವಾಗಲೇ ಚಪ್ಪಟೆಯಾಗಿ ಹರಡಿರುವ ಪೋರ್ಟ್‌ವೈನ್ ಕಲೆಗೆ ಈ ಔಷಧಿ ಹತ್ತುವುದಿಲ್ಲ, ಅದಕ್ಕೆ ಲೇಸರ್ ಬೇಕು. ಮೈಮೇಲೆ ಐದು ಅಥವಾ ಹೆಚ್ಚು ಗಂಟುಗಳಿದ್ದರೆ ಯಕೃತ್ತಿನ ಸ್ಕ್ಯಾನ್. ಮುಖದ ದೊಡ್ಡ ಭಾಗವನ್ನೇ ಆವರಿಸಿದ್ದರೆ ಮಿದುಳಿನ ರಕ್ತನಾಳಗಳ ಎಂಆರ್‌ಐ, ಹೃದಯದ ಎಕೋ. ಉಬ್ಬಸದ ಮಗುವಿಗೆ ಕೊಡುವುದೇ ಇಲ್ಲ. ದಿನಕ್ಕೆ ಕಿಲೋಗೆ 1 ಮಿ.ಗ್ರಾಂನಿಂದ ಶುರು ಮಾಡಿ, ಮೊದಲ ಡೋಸಿನ ನಂತರ ಎರಡು ಗಂಟೆ ನಾಡಿ, ರಕ್ತದೊತ್ತಡ ನೋಡುತ್ತೇನೆ. ಆಮೇಲೆ ನಿಧಾನಕ್ಕೆ ಏರಿಸುವುದು.

ಇಷ್ಟೆಲ್ಲ ಪುಸ್ತಕದಲ್ಲಿದೆ. ನಾನು ಎಡವಿದ್ದು ಬೇರೆ ಕಡೆ. "ಒಂದು ಡೋಸೂ ತಪ್ಪಿಸಬೇಡಿ" ಎಂದು ಒಬ್ಬ ತಾಯಿಗೆ ಒತ್ತಿ ಹೇಳಿದ್ದೆ. ಮಗುವಿಗೆ ವಾಂತಿ, ರಾತ್ರಿಯಿಡೀ ಹಾಲು ಮುಟ್ಟಿಲ್ಲ. ಆಕೆ ಬೆಳಗ್ಗೆ ಗಡಿಯಾರ ನೋಡಿಕೊಂಡು ಔಷಧಿ ಕುಡಿಸಿದ್ದಾಳೆ. ಕರೆತಂದಾಗ ಮಗು ಬೆವರಿ ತಣ್ಣಗಾಗಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಸಕ್ಕರೆ ಪೂರಾ ಇಳಿದಿತ್ತು. ಗ್ಲೂಕೋಸ್ ಕೊಟ್ಟೊಡನೆ ಚೇತರಿಸಿಕೊಂಡಿತು, ಆದರೆ ತಾಯಿಯದೇನೂ ತಪ್ಪಿರಲಿಲ್ಲ. ನಾನು ಹೇಳಿದ್ದನ್ನೇ ಆಕೆ ಮಾಡಿದ್ದಳು. ಹೊಟ್ಟೆ ಖಾಲಿಯಿದ್ದಾಗ ಈ ಔಷಧಿ, ದೇಹ ಕೂಡಿಟ್ಟ ಸಕ್ಕರೆಯನ್ನು ಹೊರತೆಗೆಯದಂತೆ ತಡೆಯುತ್ತದೆ ಎಂದು ನಾನು ಹೇಳಿರಲೇ ಇಲ್ಲ.

ಈಗ ಚೀಟಿಯ ಮೊದಲ ಸಾಲೇ ಅದು: ಹಾಲು ಬಿಟ್ಟರೆ, ವಾಂತಿಯಾದರೆ, ಉಸಿರು ಸುಯ್‌ಗುಟ್ಟಿದರೆ ಔಷಧಿ ನಿಲ್ಲಿಸಿ ಫೋನ್ ಮಾಡಿ. ಕಕ್ಕಿದರೆ ಮತ್ತೆ ಕೊಡಬೇಡಿ. ಸಿರಿಂಜಿನಲ್ಲಿ ಎಷ್ಟು ಎಳೆಯಬೇಕೆಂದು ನಾನು ತೋರಿಸುವುದಿಲ್ಲ, ಹೆತ್ತವರಿಂದಲೇ ಎಳೆಸುತ್ತೇನೆ. ಮಿ.ಗ್ರಾಂ ಮತ್ತು ಮಿ.ಲೀ. ಅದಲುಬದಲಾಗುವುದು ಅಲ್ಲೇ ಸಿಕ್ಕಿಬೀಳುತ್ತದೆ.