ಸ್ಟುಡಿಯೋ ಆನಿಮೇಟರ್‌ಗಳ ಸ್ವಂತ ಸಿನಿಮಾಗಳನ್ನು ಹುಡುಕುವುದು ಹೇಗೆ

ಸ್ಟುಡಿಯೋದಲ್ಲಿ ದಿನವಿಡೀ ಬೇರೆಯವರ ಕಥೆಗೆ ಚಿತ್ರ ಬರೆದ ಎಷ್ಟೋ ಆನಿಮೇಟರ್‌ಗಳು ಬಿಡುವಿನಲ್ಲಿ ತಮ್ಮದೇ ಪುಟ್ಟ ಸಿನಿಮಾ ಮಾಡಿಕೊಂಡರು. ಡಿಸ್ನಿಯ ವಾರ್ಡ್ ಕಿಂಬಲ್ 1968ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ 'ಎಸ್ಕಲೇಷನ್' ಮಾಡಿದ್ದು ಸ್ಟುಡಿಯೋದ ಹೊರಗೆ, ಸ್ವಂತವಾಗಿ. ಲಂಡನ್ನಿನ ಲಾರ್ಕಿನ್ಸ್ ಸ್ಟುಡಿಯೋದಲ್ಲಿದ್ದ ಬಾಬ್ ಗಾಡ್‌ಫ್ರೇ ಕೂಡ ಗೆಳೆಯರನ್ನು ಸೇರಿಸಿಕೊಂಡು ಹೀಗೇ ಶುರು ಮಾಡಿದವರು. ಇವು ಹೆಸರಾದವರ ಸಿನಿಮಾ, ಹಾಗಾಗಿ ಉಳಿದವು. ಹೆಸರು ಬರದವರ ರೀಲುಗಳು ಎಲ್ಲೋ ಡಬ್ಬಿಯಲ್ಲಿ ಬಿದ್ದಿರುತ್ತವೆ, ಅವನ್ನೇ ನಾವು ಹುಡುಕಬೇಕು.

ಸಿನಿಮಾದ ಹೆಸರು ಹಿಡಿದು ಹೊರಡಬೇಡಿ, ಎಷ್ಟೋ ರೀಲಿಗೆ ಹೆಸರೇ ಇರುವುದಿಲ್ಲ. ಮಾಡಿದವರ ಹೆಸರು ಹಿಡಿಯಿರಿ. ಅದಕ್ಕಿಂತ ಮುಖ್ಯವಾಗಿ, ಅವರ ಗಂಡ ಅಥವಾ ಹೆಂಡತಿ, ಮಕ್ಕಳು, ಅಳಿಯಂದಿರ ಹೆಸರು ಗೊತ್ತು ಮಾಡಿಕೊಳ್ಳಿ, ಯಾಕಂದ್ರೆ ಹಳೇ ಫಿಲ್ಮ್ ಕಾಪಾಡಿಡುವ ಆರ್ಕೈವ್‌ಗಳಲ್ಲಿ ಸಂಗ್ರಹ ಎಷ್ಟೋ ಸಲ ಕೊಟ್ಟವರ ಹೆಸರಲ್ಲಿ ದಾಖಲಾಗಿರುತ್ತದೆ, ಒಳಗಿನ ರೀಲಿಗೆ ಸುಮ್ನೆ 'ಹೋಮ್ ಮೂವಿ' ಅಂತ ಬರೆದಿರುತ್ತಾರೆ. ಆನಿಮೇಟರ್‌ಗಳ ಚಿತ್ರಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ಬಣ್ಣ ತುಂಬುವ ಇಂಕ್ ಅಂಡ್ ಪೇಂಟ್ ವಿಭಾಗದ ಹೆಂಗಸರ ವಿಷಯದಲ್ಲಿ ಮದುವೆಗೆ ಮುಂಚಿನ ಹೆಸರನ್ನೂ ಹುಡುಕಿ. ಈ ಸಂಬಂಧಗಳೆಲ್ಲ ಸಿಗುವುದು ನಿಧನವಾರ್ತೆಗಳಲ್ಲಿ.

ಆಮೇಲೆ ಹಳೇ ಪತ್ರಿಕೆಗಳು. ಹವ್ಯಾಸಕ್ಕೆ ಸಿನಿಮಾ ಮಾಡುವವರ ಸಂಘವಾದ ಅಮೆರಿಕದ ಅಮೆಚೂರ್ ಸಿನಿಮಾ ಲೀಗ್ 1926ರಲ್ಲಿ ಹುಟ್ಟಿತು. ಅದರ 'ಮೂವಿ ಮೇಕರ್ಸ್' ಪತ್ರಿಕೆ ವರ್ಷ ವರ್ಷ ಹತ್ತು ಒಳ್ಳೆಯ ಸಿನಿಮಾ ಆರಿಸುತ್ತಿತ್ತು. ಬ್ರಿಟನ್ನಿನ 'ಅಮೆಚೂರ್ ಸಿನಿ ವರ್ಲ್ಡ್' ಕೂಡ ಇಂಥದ್ದೇ ಸ್ಪರ್ಧೆ ನಡೆಸುತ್ತಿತ್ತು. 'ಮೂವಿ ಮೇಕರ್ಸ್' ಸಂಚಿಕೆಗಳು ಇಂಟರ್ನೆಟ್ ಆರ್ಕೈವ್ (archive.org) ಜಾಲತಾಣದಲ್ಲಿ ಓದಲು ಸಿಗುತ್ತವೆ. ಆದರೆ ಸ್ಕ್ಯಾನ್ ಮಾಡಿದ ಪುಟದಲ್ಲಿ ಕಂಪ್ಯೂಟರ್ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ, ಹೆಸರು ಹಾಕಿ ಹುಡುಕಿದಾಗ ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ, ಬಹುಮಾನದ ಪಟ್ಟಿ ಬರುವ ಸಂಚಿಕೆಗಳನ್ನು ಪುಟ ತಿರುವಿಯೇ ನೋಡಿ.

ಇನ್ನು ಆರ್ಕೈವ್‌ಗಳಿಗೆ ಬರೆದು ಕೇಳಿ: ಬ್ರಿಟಿಷ್ ಹವ್ಯಾಸಿಗಳದ್ದಾದರೆ ಈಸ್ಟ್ ಆಂಗ್ಲಿಯನ್ ಫಿಲ್ಮ್ ಆರ್ಕೈವ್, ಹಾಲಿವುಡ್‌ನವರದ್ದಾದರೆ ಲಾಸ್ ಏಂಜಲೀಸ್‌ನ ಅಕಾಡೆಮಿ ಫಿಲ್ಮ್ ಆರ್ಕೈವ್. ಪತ್ರ ಬರೆಯುವಾಗ ಹೆಸರು, ಸುಮಾರು ಯಾವ ವರ್ಷ, ಯಾವ ಸ್ಟುಡಿಯೋ, ಇಷ್ಟು ಹೇಳಿ. ನೋಡಲು ಕಾಪಿ ಇದೆಯಾ ಅಂತ ಬೇರೆಯಾಗಿ ಕೇಳಿ. ಮೂಲ ರೀಲು ಇದ್ದ ಮಾತ್ರಕ್ಕೆ ಯಾರಿಗೂ ಅದನ್ನು ಓಡಿಸಿ ತೋರಿಸುವುದಿಲ್ಲ.

ಮಾರುವವರ ಹತ್ತಿರ ಗುರುತಿಲ್ಲದ ರೀಲು ಸಿಕ್ಕರೆ ಅಂಚು ನೋಡಿ. ಕೊಡಾಕ್ ಫಿಲ್ಮಿನ ಅಂಚಲ್ಲಿ ವೃತ್ತ, ಚೌಕ, ತ್ರಿಕೋನದಂಥ ಗುರುತುಗಳಿರುತ್ತವೆ, ಅವು ಆ ಫಿಲ್ಮ್ ತಯಾರಾದ ವರ್ಷವನ್ನು ಹೇಳುತ್ತವೆ. ಒಂದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತಿತ್ತು, ಹಾಗಾಗಿ ಅದೊಂದನ್ನೇ ನಂಬಬೇಡಿ. ಫಿಲ್ಮಿನ ಅಳತೆಯನ್ನೂ ಸೇರಿಸಿ ನೋಡಿ: 16 ಎಂಎಂ ಬಂದದ್ದು 1923ರಲ್ಲಿ, 8 ಎಂಎಂ 1932ರಲ್ಲಿ, ಸೂಪರ್ 8 ಬಂದದ್ದು 1965ರಲ್ಲಿ. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಹೊಡೆದರೆ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ. ಅದನ್ನು ಬೇರೆ ರೀಲುಗಳಿಂದ ದೂರ ಇಡಿ, ಬೇಗ ಸ್ಕ್ಯಾನ್ ಮಾಡಿಸಿ. ಎಷ್ಟೇ ಆಸೆಯಾದರೂ ಹಳೇ ಪ್ರೊಜೆಕ್ಟರ್‌ಗೆ ಹಾಕಬೇಡಿ! ಕುಗ್ಗಿದ ಫಿಲ್ಮಿನ ಅಂಚಿನ ತೂತುಗಳು ಪ್ರೊಜೆಕ್ಟರ್ ಚಕ್ರದ ಹಲ್ಲುಗಳಿಗೆ ಸಿಕ್ಕಿ ಹರಿದುಹೋಗುತ್ತವೆ, ಇರುವುದು ಅದೊಂದೇ ಪ್ರತಿ ಆಗಿರಬಹುದು ಅಲ್ವಾ?

ರೀಲು ಕೊಂಡ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ, ಅದು ಸಾಮಾನ್ಯವಾಗಿ ಮಾಡಿದವರ ಮನೆಯವರದ್ದು. ನೆಟ್ಟಿಗೆ ಹಾಕುವ ಮೊದಲು ಅವರನ್ನು ಹುಡುಕಿ ಕೇಳಿ. ಸ್ಕ್ಯಾನ್ ಆದ ಕಾಪಿಯನ್ನೂ ಅವರಿಗೆ ಕೊಡಿ, ಜೊತೆಗೆ ಕೂತು ನೋಡಲು ಒಪ್ಪಿದರೆ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ: ಚಿತ್ರದಲ್ಲಿ ಯಾರಿದ್ದಾರೆ, ಕ್ಯಾಮೆರಾ ಯಾರ ಕೈಯಲ್ಲಿತ್ತು, ಉಳಿದ ರೀಲುಗಳು ಯಾವ ಸಂಬಂಧಿಕರ ಮನೆಗೆ ಹೋದವು.